ಕೀಲಿಮಣೆಯ ಚರಿತ್ರೆ ಮತ್ತು ನಮ್ಮ ಮನೆಯ ಆಟದ ಪೆಟ್ಟಿಗೆ

ಚರಿತ್ರೆಯೆಂದೊಡನೆ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಕದಂಬರು, ಹೊಯ್ಸಳರು, ವಿಜಯನಗರದ ವೈಭವ ಇವುಗಳೇ ಕಣ್ಮುಂದೆ ಬರುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಸಮ್ಮೇಳನಕ್ಕೆ ಬಂದಿರುವ ಪ್ರತಿನಿಧಿಗಳಲ್ಲಿ ಅನೇಕರು ನನ್ನಂತೆಯೇ ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಹೊಟ್ಟೆ ಹೊರೆದವರು. ನಮ್ಮ ಹತ್ತು ಬೆರಳುಗಳ ಕೆಳಗೆ ಸದಾ ಇದ್ದ ಕೀಲಿಮಣೆಗೂ ಒಂದು ಚರಿತ್ರೆಯಿದೆಯೆಂಬುದು ನಮಗೆ ಅಪರೂಪವಾಗಿ ಹೊಳೆಯುತ್ತದೆ. ನನಗೆ ಹೊಳೆದದ್ದು 2000ದ ಚಳಿಗಾಲದಲ್ಲಿ, ಮಿಶಿಗನ್ನಿನ ನಮ್ಮ ಮನೆಯ ನೆಲಮಾಳಿಗೆಯಲ್ಲಿ. ಅದೂ ನನ್ನ ಮಗಳಿಗೆ ನಾನೇ ಅನ್ಯಾಯ ಮಾಡಿದ ಮೇಲೆ.

ಮೊದಲಿಗೆ ಆಟದ ಪೆಟ್ಟಿಗೆಯ ಮಾತು. ನಾಣ್ಯ ಹಾಕಿ ಆಡುವ ವಿಡಿಯೋ ಆಟಗಳು ಈ ದೇಶದಲ್ಲಿ 1971ರಲ್ಲಿ ‘ಕಂಪ್ಯೂಟರ್ ಸ್ಪೇಸ್’ ಎಂಬ ಯಂತ್ರದೊಂದಿಗೆ ಮಾರುಕಟ್ಟೆಗೆ ಬಂದವು. ಮರುವರ್ಷ ಅಟಾರಿ ಸಂಸ್ಥೆಯ ‘ಪಾಂಗ್’ ಬಂದಿತು. ಅದರ ಮೊದಲ ಮಾದರಿಯನ್ನು ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಒಂದು ಪಾನಗೃಹದಲ್ಲಿ ಇರಿಸಿದ್ದರು. ಕೆಲವೇ ದಿನಗಳಲ್ಲಿ ಯಂತ್ರ ಕೆಟ್ಟಿದೆಯೆಂದು ಕರೆ ಬಂದು, ಅದನ್ನು ರಚಿಸಿದ ಇಂಜಿನಿಯರ್ ಅಲನ್ ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ, ನಾಣ್ಯದ ಡಬ್ಬಿ ತುಂಬಿ ತುಳುಕಿ ಯಂತ್ರ ನಿಂತಿತ್ತಂತೆ. ದೋಷ ಹುಡುಕಲು ಹೊರಟವರಿಗೆಲ್ಲ ಇಂಥ ಭಾಗ್ಯ ಲಭಿಸುವುದಿಲ್ಲ! ಜಪಾನಿನಿಂದ 1978ರಲ್ಲಿ ‘ಸ್ಪೇಸ್ ಇನ್‌ವೇಡರ್ಸ್’, 1980ರಲ್ಲಿ ‘ಪ್ಯಾಕ್‌ಮ್ಯಾನ್’ ಬಂದು ಅಂಗಡಿಗಳನ್ನೂ ಮಾಲ್‌ಗಳನ್ನೂ ಆಕ್ರಮಿಸಿದವು. 1984ರಲ್ಲಿ ನಾನು ಈ ದೇಶಕ್ಕೆ ವಿದ್ಯಾರ್ಥಿಯಾಗಿ ಬಂದಾಗ, ಒಂದು ಕ್ವಾರ್ಟರ್ ನಾಣ್ಯವನ್ನು ಆ ಯಂತ್ರಕ್ಕೆ ಹಾಕುವ ಮುನ್ನ ಅದು ಎಷ್ಟು ರೂಪಾಯಿ ಎಂದು ಮನಸ್ಸಿನಲ್ಲೇ ಗುಣಿಸಿ, ಕೈ ಹಿಂದೆಗೆದುಕೊಳ್ಳುತ್ತಿದ್ದೆ.

ಆ ಯಂತ್ರಗಳ ಒಳರಚನೆ ಸರಳವಾಗಿತ್ತು. ಆಟದ ಕೋಲಿನ ನಾಲ್ಕು ದಿಕ್ಕಿಗೆ ನಾಲ್ಕು ಸ್ವಿಚ್ಚು, ಪ್ರತಿ ಗುಂಡಿಗೆ ಒಂದು ಸ್ವಿಚ್ಚು, ಪ್ರತಿ ಸ್ವಿಚ್ಚಿನಿಂದ ಮುಖ್ಯ ಫಲಕಕ್ಕೆ ಅದರದೇ ಆದ ಒಂದು ತಂತಿ, ಎಲ್ಲಕ್ಕೂ ಸೇರಿ ಒಂದು ಗ್ರೌಂಡ್. 1985ರಲ್ಲಿ ಜಪಾನಿನ ತಯಾರಕರು ‘ಜಾಮಾ’ ಎಂಬ 56 ಬಿಂದುಗಳ ಜೋಡಣೆಯನ್ನು ಒಪ್ಪಿಕೊಂಡ ಮೇಲೂ ಈ ಕ್ರಮ ಬದಲಾಗಲಿಲ್ಲ. ಹತ್ತು ಗುಂಡಿಗಳನ್ನು ಒಮ್ಮೆಲೇ ಒತ್ತಿದರೂ ಯಂತ್ರಕ್ಕೆ ಹತ್ತೂ ಕೇಳಿಸುತ್ತಿದ್ದವು.

ಕೀಲಿಮಣೆಯ ವಂಶಾವಳಿ ಬೇರೆ. ಅದರ ಮೂಲಪುರುಷ ಬೆರಳಚ್ಚು ಯಂತ್ರ. ಕ್ರಿಸ್ಟೋಫರ್ ಶೋಲ್ಸ್ ಮತ್ತು ಸಂಗಡಿಗರು 1868ರಲ್ಲಿ ಹಕ್ಕುಪತ್ರ ಪಡೆದು, 1874ರಲ್ಲಿ ರೆಮಿಂಗ್ಟನ್ ಸಂಸ್ಥೆ ಮಾರಾಟಕ್ಕೆ ತಂದ ಆ ಯಂತ್ರದಲ್ಲಿ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಚ್ಚಿನ ಕಡ್ಡಿಗಳು ಕೊಂಬು ಹೆಣೆದುಕೊಂಡ ಟಗರುಗಳಂತೆ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಮೈಸೂರಿನ ಟೈಪಿಂಗ್ ಶಾಲೆಯಲ್ಲಿ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಒಂದೊಂದೇ ಕಣಪ್ಪಾ, ಒಂದೊಂದೇ’ ಎಂಬ ಮೇಷ್ಟ್ರ ಗದರಿಕೆ ಇಂದಿಗೂ ನನ್ನ ಕಿವಿಯಲ್ಲಿದೆ. ಕೆ. ಅನಂತಸುಬ್ಬರಾಯರು ರೂಪಿಸಿದ ವಿನ್ಯಾಸದ ಕನ್ನಡ ಯಂತ್ರದ ಮುಂದೆಯೂ ನಾನು ಕೆಲವು ತಿಂಗಳು ಕುಳಿತಿದ್ದೆ. ನಮ್ಮ ಒತ್ತು, ದೀರ್ಘ, ಕೊಂಬುಗಳನ್ನು ನಲವತ್ತು ಚಿಲ್ಲರೆ ಕೀಲಿಗಳಲ್ಲಿ ಹಿಡಿಸಿದ ಆ ಮಹನೀಯರ ಸಾಹಸಕ್ಕೆ ನಾವು ಸಲ್ಲಿಸಿದ ಗೌರವ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಇರಲಿ.

‘ಒಂದೊಂದೇ’ ಎಂಬ ಆ ನಿಯಮ ಕಡ್ಡಿಗಳು ಮಾಯವಾದ ಮೇಲೂ ಉಳಿಯಿತೆಂಬುದೇ ಈ ಚರಿತ್ರೆಯ ಸ್ವಾರಸ್ಯ. ನೂರಕ್ಕೂ ಮಿಕ್ಕ ಕೀಲಿಗಳಿಗೆ ನೂರಕ್ಕೂ ಮಿಕ್ಕ ತಂತಿ ಎಳೆಯುವುದು ದುಬಾರಿ. ಆದುದರಿಂದ ವಿನ್ಯಾಸಕಾರರು ಅಡ್ಡಸಾಲು, ಕಂಬಸಾಲುಗಳ ಒಂದು ಚೌಕುಳಿ ಹಾಕಿದರು. ಹದಿನಾರು ಸಾಲು, ಎಂಟು ಕಂಬ, ಒಟ್ಟು 24 ತಂತಿಗಳಲ್ಲಿ 128 ಕೀಲಿಗಳಿಗೆ ಸ್ಥಳ ದೊರೆಯಿತು. ಎನ್‌ಕೋಡರ್ ಎಂಬ ಪುಟ್ಟ ಚಿಪ್ಪು ಒಂದೊಂದೇ ಸಾಲಿಗೆ ವಿದ್ಯುತ್ತು ನೀಡಿ, ಯಾವ ಕಂಬದಲ್ಲಿ ಅದು ಹೊರಬಂದಿತೆಂದು ಕ್ಷಣಕ್ಷಣವೂ ನೋಡುತ್ತಿರುತ್ತದೆ. 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯ 83 ಕೀಲಿಗಳ ಮಣೆಯೊಳಗೆ ಈ ಕೆಲಸಕ್ಕೆಂದೇ ಇಂಟೆಲ್ 8048 ಎಂಬ ಚಿಪ್ಪು ಕುಳಿತಿತ್ತು, ಕಂಪ್ಯೂಟರಿನೊಳಗೊಂದು ಕಂಪ್ಯೂಟರು.

ಅದು ಹೊರಗೆ ಕಳಿಸುತ್ತಿದ್ದುದು ಅಕ್ಷರವನ್ನಲ್ಲ, ಕೀಲಿಯ ಸ್ಥಾನದ ಸಂಖ್ಯೆಯನ್ನು. ಇಂಗ್ಲಿಷಿನ ‘ಕೆ’ ಕೀಲಿಯನ್ನು ಒತ್ತಿದರೆ 37, ಬಿಟ್ಟರೆ ಅದಕ್ಕೆ 128 ಕೂಡಿಸಿ 165. ಇಷ್ಟೇ. ಆ ಸ್ಥಾನದಲ್ಲಿ ರೋಮನ್ ಲಿಪಿಯ ಅಕ್ಷರವಿದೆಯೋ ನಮ್ಮ ‘ಕ’ಕಾರವಿದೆಯೋ ಅದಕ್ಕೆ ತಿಳಿಯದು, ತಿಳಿಯಬೇಕಾದ ಅಗತ್ಯವೂ ಇಲ್ಲ. ಕೆ. ಪಿ. ರಾವ್ ಅವರು ಅದೇ ಇಂಗ್ಲಿಷ್ ಮಣೆಯ ಮೇಲೆ ಕನ್ನಡದ ಧ್ವನಿಕ್ರಮವನ್ನು ಕೂರಿಸಲು ಸಾಧ್ಯವಾದದ್ದಕ್ಕೆ, ಮುಂದೆ ಅದು ‘ನುಡಿ’ ತಂತ್ರಾಂಶದ ಮೂಲಕ ಕರ್ನಾಟಕ ಸರ್ಕಾರದ ಕಚೇರಿಗಳನ್ನು ತಲುಪಿದ್ದಕ್ಕೆ, ಚಿಪ್ಪಿನ ಈ ನಿರ್ಲಿಪ್ತತೆಯೂ ಒಂದು ಕಾರಣ. 1998ರಲ್ಲಿ ‘ಬರಹ’ ಬಂದಾಗ ನಮ್ಮ ಊರಿನ ಕನ್ನಡ ಕೂಟದ ಪತ್ರಿಕೆಯನ್ನು ನಾನೇ ಬೆರಳಚ್ಚು ಮಾಡಿದೆ. ‘ಕ್ಕ’ ಬೇಕಾದರೂ ‘ಕ್ಷ’ ಬೇಕಾದರೂ ಕೀಲಿಗಳು ಒಂದಾದ ಮೇಲೊಂದು ಬರುತ್ತವೆ. ಶಿಫ್ಟ್ ಬಿಟ್ಟರೆ ಎರಡನ್ನು ಒಟ್ಟಿಗೆ ಅದುಮುವ ಪ್ರಸಂಗವೇ ಇಲ್ಲ. ಬರೆಯುವವರಿಗೆ ಈ ಚೌಕುಳಿಯಿಂದ ಯಾವ ತೊಂದರೆಯೂ ಆಗಲಿಲ್ಲ.

ಬರೆಯುವವರ ಮಣೆಯನ್ನು ಆಡುವವರ ಕೈಗೆ ಕೊಟ್ಟಾಗಲೇ ತೊಡಕು ಆರಂಭ. 1997ರ ಫೆಬ್ರವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬಾತ ‘ಮೇಮ್’ ಎಂಬ ತಂತ್ರಾಂಶವನ್ನು ಹೊರತಂದ. ಹಳೆಯ ಆಟದ ಯಂತ್ರಗಳ ಚಿಪ್ಪುಗಳನ್ನು ಸಾಮಾನ್ಯ ಕಂಪ್ಯೂಟರ್ ಅನುಕರಿಸುವಂತೆ ಮಾಡಿ, ಅವು ನಶಿಸಿಹೋಗದಂತೆ ಕಾಪಾಡುವುದು ಅದರ ಉದ್ದೇಶ. (ಆಟಗಳ ಹಕ್ಕು ಮೂಲ ಸಂಸ್ಥೆಗಳದೇ, ಆ ವಿವಾದ ಇಲ್ಲಿ ಬೇಡ.) ಅಲ್ಲಿಂದ ಮುಂದೆ ಈ ದೇಶದ ಎಷ್ಟೋ ನೆಲಮಾಳಿಗೆಗಳಲ್ಲಿ ಬಡಗಿ ಕೆಲಸ ಆರಂಭವಾಯಿತು. ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಹಳೆಯ ಪಿ.ಸಿ., ಮೇಲೆ ಆಟದ ಕೋಲು ಮತ್ತು ಗುಂಡಿಗಳು. ಆಗ ಗುಂಡಿಗಳನ್ನು ಕಂಪ್ಯೂಟರಿಗೆ ಸೇರಿಸುವ ಬಡವರ ಉಪಾಯವೆಂದರೆ, ಹಳೆಯ ಕೀಲಿಮಣೆಯೊಂದನ್ನು ಬಿಚ್ಚಿ, ಅದರ ಎನ್‌ಕೋಡರ್ ಫಲಕಕ್ಕೆ ತಂತಿಗಳನ್ನು ಬೆಸೆಯುವುದು.

ನಾನೂ ಹಾಗೆಯೇ ಮಾಡಿದೆ. ಹನ್ನೆರಡು ವರ್ಷದ ಮಗಳು, ಒಂಬತ್ತು ವರ್ಷದ ಮಗ. ಇಬ್ಬರಿಗೂ ಕ್ರಿಸ್‌ಮಸ್ ರಜೆಯೊಳಗೆ ಪೆಟ್ಟಿಗೆ ಮುಗಿಸಿಕೊಡುವುದಾಗಿ ಮಾತು ಕೊಟ್ಟಿದ್ದೆ. ಎರಡು ಕೋಲು, ತಲಾ ಆರು ಗುಂಡಿ, ಆರಂಭಕ್ಕೆರಡು, ನಾಣ್ಯಕ್ಕೆರಡು: ಒಟ್ಟು 24 ಸ್ವಿಚ್ಚು. ಫಲಕದ ಸಂಪರ್ಕಬಿಂದುಗಳ ಮೇಲಿನ ಇಂಗಾಲದ ಲೇಪವನ್ನು ಕೆರೆದು ತೆಗೆಯದೆ ಬೆಸುಗೆ ಹಿಡಿಯುವುದಿಲ್ಲವೆಂಬುದನ್ನು ಕಲಿಯಲು ಒಂದು ಸಂಜೆ ಹೋಯಿತು. ಆಟದ ಯಂತ್ರದಲ್ಲಿದ್ದಂತೆ ಎಲ್ಲ ಸ್ವಿಚ್ಚುಗಳಿಗೂ ಒಂದೇ ಗ್ರೌಂಡ್ ಎಳೆದುಬಿಟ್ಟಿದ್ದೆ. ಚೌಕುಳಿಯಲ್ಲಿ ಗ್ರೌಂಡ್ ಎಂಬುದೇ ಇಲ್ಲ, ಪ್ರತಿ ಸ್ವಿಚ್ಚಿಗೂ ಅದರದೇ ಸಾಲು, ಅದರದೇ ಕಂಬ ಬೇಕು. ಅದನ್ನು ಬಿಚ್ಚಿ ಕಟ್ಟಲು ಇನ್ನೊಂದು ಸಂಜೆ. ಕಂಪ್ಯೂಟರನ್ನು ಚಾಲೂ ಮಾಡಿದಾಗಲೆಲ್ಲ ಕೀಲಿಮಣೆಯ ದೋಷವೆಂದು ಕೂಗಿಕೊಂಡಿತು. ನೋಡಿದರೆ, ಒಂದು ಸ್ವಿಚ್ಚಿನ ಮೂರು ಕಾಲುಗಳಲ್ಲಿ ‘ನಾರ್ಮಲಿ ಓಪನ್’ ಬದಲು ‘ನಾರ್ಮಲಿ ಕ್ಲೋಸ್ಡ್’ ಕಾಲಿಗೆ ತಂತಿ ಹಾಕಿದ್ದೆ. ಮುಟ್ಟುವ ಮೊದಲೇ ಅದು ಒತ್ತಿದಂತೆ ಇತ್ತು. ಇವೆಲ್ಲ ಪ್ರಾಮಾಣಿಕ ದೋಷಗಳು. ಮೀಟರ್ ಹಿಡಿದರೆ ಸಿಕ್ಕಿಬೀಳುತ್ತವೆ.

ಮಕ್ಕಳ ಮೆಚ್ಚಿನ ಆಟ 1991ರ ‘ಸ್ಟ್ರೀಟ್ ಫೈಟರ್ 2’. ಅದರಲ್ಲಿ ಧಾಲ್ಸಿಮ್ ಎಂಬೊಬ್ಬ ಭಾರತೀಯ ಯೋಗಿಯಿದ್ದಾನೆ. ಕೊರಳಲ್ಲಿ ತಲೆಬುರುಡೆಗಳು, ಬಾಯಲ್ಲಿ ಬೆಂಕಿ, ಬೇಕಾದಷ್ಟು ಉದ್ದಕ್ಕೆ ಚಾಚುವ ಕೈಕಾಲು. ನಮ್ಮ ಯೋಗಶಾಸ್ತ್ರದ ಬಗ್ಗೆ ಜಪಾನಿನ ಕಲಾವಿದರಿಗೆ ಯಾರು ಏನು ಹೇಳಿದ್ದರೋ! ಮಗಳು ಅವನನ್ನೇ ಆರಿಸಿಕೊಳ್ಳುತ್ತಿದ್ದಳು, ‘ನಮ್ಮವನು’ ಎಂದು. ಎಡಬದಿಯಲ್ಲಿ ನಿಂತ ಮಗ ಕೋಲನ್ನು ಮೇಲಕ್ಕೂ ಬಲಕ್ಕೂ ಒಟ್ಟಿಗೆ ತಳ್ಳಿ ಅವಳ ಮೇಲೆ ಹಾರುವನು. ಅವಳು ಗುಂಡಿಯೊತ್ತಿ ಒದ್ದು ತಡೆಯಬೇಕು. ತಡೆಯಲಾಗುತ್ತಿರಲಿಲ್ಲ. ಪ್ರತಿಸಲವೂ ಸೋಲು.

“ಅಪ್ಪ, ನಾನು ಒತ್ತಿದೆ. ಅದಕ್ಕೆ ಕೇಳಿಸ್ಲಿಲ್ಲ.”

ನಾನು ಆ ಗುಂಡಿಯನ್ನು ಹತ್ತು ಸಲ ಒತ್ತಿ ನೋಡಿದೆ. ಹತ್ತು ಸಲವೂ ಧಾಲ್ಸಿಮ್ ಕಾಲು ಚಾಚಿದ. “ಸರಿಯಾಗಿದೆಯಲ್ಲಮ್ಮಾ, ನೀನು ತಡವಾಗಿ ಒತ್ತುತ್ತೀಯ” ಎಂದೆ. ಮಾರನೆಯ ದಿನ ಅದೇ ದೂರು, ಅದೇ ಪರೀಕ್ಷೆ, ಅದೇ ತೀರ್ಪು. ಮಗ ಪಕ್ಕದಲ್ಲಿ ನಿಂತು, “ಅಕ್ಕ ಸುಳ್ಳು ಹೇಳ್ತಾಳೆ” ಎಂದು ರಾಗ ಎಳೆಯುತ್ತಿದ್ದ. ನಾನು ಅವನನ್ನು ಗದರಲಿಲ್ಲ. ಮೂರನೆಯ ವಾರ, ಸೋತವರು ಯಂತ್ರವನ್ನು ದೂರುವುದು ಒಳ್ಳೆಯ ಅಭ್ಯಾಸವಲ್ಲವೆಂದು ಅವಳಿಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಅವಳು ಏನೂ ಹೇಳದೆ ಮೆಟ್ಟಿಲು ಹತ್ತಿ ಹೋದಳು. ಮತ್ತೆ ನೆಲಮಾಳಿಗೆಗೆ ಇಳಿಯಲಿಲ್ಲ.

ಒಂದು ರಾತ್ರಿ ನನ್ನ ಶ್ರೀಮತಿ ಕೇಳಿದಳು: “ಅವಳು ಎಂದಾದರೂ ಸುಳ್ಳು ಹೇಳಿದ್ದುಂಟೇನ್ರೀ?” ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎದ್ದು ಕೆಳಗಿಳಿದೆ. ಒತ್ತಿದ ಕೀಲಿಯ ಸಂಖ್ಯೆಯನ್ನೂ ಬಿಟ್ಟ ಕೀಲಿಯ ಸಂಖ್ಯೆಯನ್ನೂ ಪರದೆಯ ಮೇಲೆ ತೋರಿಸುವ ಸಣ್ಣ ಪ್ರೋಗ್ರಾಮ್ ಬರೆದೆ. ಒಂದೊಂದಾಗಿ 24 ಸ್ವಿಚ್ಚುಗಳೂ ಸರಿಯಾಗಿದ್ದವು. ಆಗ ಆಡುವಾಗ ಇದ್ದ ಸ್ಥಿತಿಯನ್ನೇ ನಿರ್ಮಿಸೋಣವೆಂದು, ಎಡಗೈಯಿಂದ ಮಗನ ಕೋಲನ್ನು ಮೇಲಕ್ಕೂ ಬಲಕ್ಕೂ ತಳ್ಳಿ ಹಿಡಿದು, ಬಲಗೈಯಿಂದ ಮಗಳ ಗುಂಡಿಯನ್ನು ಒತ್ತಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ಕೋಲನ್ನು ಬಿಟ್ಟು ಒತ್ತಿದೆ; ಸಂಖ್ಯೆ ಮೂಡಿತು.

ಕೀಲಿಮಣೆಯ ಒಳಗಿನ ಪ್ಲಾಸ್ಟಿಕ್ ಹಾಳೆಗಳನ್ನು ದೀಪಕ್ಕೆ ಹಿಡಿದು, ಗೆರೆಗಳನ್ನು ಗ್ರಾಫ್ ಕಾಗದಕ್ಕೆ ಇಳಿಸಿದಾಗ ಕಾರಣ ಕಾಣಿಸಿತು. ಮಗನ ‘ಮೇಲೆ’ ಮತ್ತು ‘ಬಲ’ ಒಂದೇ ಅಡ್ಡಸಾಲಿನಲ್ಲಿದ್ದವು. ಮಗಳ ಒದೆತ ಬೇರೆ ಸಾಲು, ಆದರೆ ‘ಮೇಲೆ’ ಇದ್ದ ಕಂಬವೇ. ಆಯತದ ಮೂರು ಮೂಲೆಗಳು ಒತ್ತಲ್ಪಟ್ಟರೆ ವಿದ್ಯುತ್ತು ಸುತ್ತಿ ಬಳಸಿ ನಾಲ್ಕನೆಯ ಮೂಲೆಯಲ್ಲೂ ಕಾಣಿಸಿಕೊಳ್ಳುತ್ತದೆ; ಯಾರೂ ಮುಟ್ಟದ ಕೀಲಿ ಒತ್ತಿದಂತೆ ತೋರುತ್ತದೆ. ಈ ವಿದ್ಯೆಯವರು ಅದನ್ನು ದೆವ್ವದ ಕೀಲಿ ಎಂದೇ ಕರೆಯುತ್ತಾರೆ. ಅದಕ್ಕೆ ಅಂಜಿದ ಎನ್‌ಕೋಡರ್, ಅಂಥ ಸಂದೇಹ ಬಂದೊಡನೆ ಕೊನೆಗೆ ಬಂದ ಮೂರನೆಯ ಕೀಲಿಯನ್ನೇ ತಳ್ಳಿಹಾಕುತ್ತದೆ. ಮಗ ಹಾರಿದ ಕ್ಷಣದಲ್ಲಿ, ಹಾರಿದ ಕ್ಷಣದಲ್ಲಿ ಮಾತ್ರ, ಮಗಳ ಒದೆತ ಕಳೆದುಹೋಗುತ್ತಿತ್ತು. ಅವಳು ಹೇಳಿದ್ದು ಅಕ್ಷರಶಃ ನಿಜ: ಅದಕ್ಕೆ ಕೇಳಿಸಲಿಲ್ಲ.

ಇಷ್ಟು ತಿಳಿದ ಮೇಲೂ ನಾನು ಇನ್ನೊಂದು ತಪ್ಪು ಮಾಡಿದೆ. ಡಯೋಡ್ ಹಾಕಿದರೆ ವಿದ್ಯುತ್ತು ಹಿಮ್ಮುಖವಾಗಿ ಹರಿಯದು, ದೆವ್ವ ಬಿಡುವುದು ಎಂಬುದು ಪಠ್ಯಪುಸ್ತಕದ ಮಾತು. ಶನಿವಾರ, ಭಾನುವಾರ ಕುಳಿತು 24 ಸ್ವಿಚ್ಚುಗಳಿಗೂ ಡಯೋಡ್ ಬೆಸೆದೆ. ಫಲಿತಾಂಶ ಶೂನ್ಯ. ದೆವ್ವವೇನೋ ಹೋಗಿತ್ತು, ಆದರೆ ದೆವ್ವ ಬರಬಹುದೆಂದು ಬಾಗಿಲು ಹಾಕುವ ಕ್ರಮವನ್ನು ಚಿಪ್ಪಿನೊಳಗೆ ಬರೆದಿಟ್ಟಿದ್ದರು. ಆ ಮೂರು ಮೂಲೆಗಳ ವಿನ್ಯಾಸ ಕಂಡರೆ ಸಾಕು, ಅದು ವಿಚಾರಣೆಯಿಲ್ಲದೆ ತಿರಸ್ಕರಿಸುತ್ತಿತ್ತು. ಪರಿಹಾರಕ್ಕೆ ಉಳಿದ ದಾರಿಗಳು ಎರಡು: ಆಯತಕ್ಕೆ ಸಿಕ್ಕದ ಕೀಲಿಗಳನ್ನು ಆರಿಸಿ ತಂತಿಗಳನ್ನು ಮತ್ತೆ ಹಂಚುವುದು, ಇಲ್ಲವೇ ಪ್ರತಿ ಸ್ವಿಚ್ಚಿಗೂ ಪ್ರತ್ಯೇಕ ಬಿಂದುವಿರುವ ಬೇರೆ ಎನ್‌ಕೋಡರನ್ನು ಕೊಳ್ಳುವುದು. ‘ಮೇಮ್’ ತನ್ನ ಮೊದಲ ಆಟಗಾರನ ಗುಂಡಿಗಳಿಗೆ ಕಂಟ್ರೋಲ್, ಆಲ್ಟ್, ಶಿಫ್ಟ್‌ಗಳನ್ನು ಏಕೆ ಇಟ್ಟುಕೊಂಡಿದೆಯೆಂಬುದೂ ಆಗ ಅರ್ಥವಾಯಿತು. ಬೇರೆ ಕೀಲಿಗಳ ಜೊತೆಯಲ್ಲೇ ಒತ್ತಬೇಕಾದ ಇವುಗಳಿಗೆ ಮಣೆಯ ತಯಾರಕರು ಸಾಮಾನ್ಯವಾಗಿ ಬೇರೆಯೇ ಗೆರೆಗಳನ್ನು ಕೊಟ್ಟಿರುತ್ತಾರೆ. ಬೆರಳಚ್ಚಿನ ಲೋಕದಲ್ಲಿ ಒಟ್ಟಿಗೆ ಒತ್ತಲು ಅನುಮತಿಯಿದ್ದುದು ಈ ಕೆಲವಕ್ಕೆ ಮಾತ್ರ.

ಮುಂದಿನ ವರ್ಷಗಳಲ್ಲಿ ಬ್ರಿಟನ್ನಿನ ಅಲ್ಟಿಮಾರ್ಕ್ ಸಂಸ್ಥೆಯ ‘ಐ-ಪ್ಯಾಕ್’ ಮುಂತಾದ, ಆಟದ ಪೆಟ್ಟಿಗೆಗೆಂದೇ ಮಾಡಿದ ಎನ್‌ಕೋಡರುಗಳು ಜನಪ್ರಿಯವಾದವು. ನಾನು ಕೊಂಡ ಅಂಥದೊಂದರಲ್ಲಿ ಚೌಕುಳಿಯೇ ಇರಲಿಲ್ಲ: ಸ್ವಿಚ್ಚಿಗೊಂದು ತಂತಿ, ಎಲ್ಲಕ್ಕೂ ಒಂದು ಗ್ರೌಂಡ್. ಹೀಗೆ ಮೂವತ್ತು ವರ್ಷ ಸುತ್ತಿ ನಾವು ‘ಪಾಂಗ್’ ಇದ್ದಲ್ಲಿಗೇ ಬಂದು ನಿಂತೆವು. ಇದರಲ್ಲಿ ಇನ್ನೊಂದು ಅಧ್ಯಾಯವೂ ಇದೆ. ಯು.ಎಸ್.ಬಿ. ಬಂದಾಗ ಕೀಲಿಮಣೆಗಳಿಗೆ ನಿಗದಿ ಮಾಡಿದ ಸರಳ ವರದಿ ಎಂಟು ಬೈಟುಗಳದು. ಅದರಲ್ಲಿ ಒಂದು ಬೈಟು ಶಿಫ್ಟ್, ಕಂಟ್ರೋಲ್ ಬಳಗಕ್ಕೆ, ಒಂದು ಖಾಲಿ, ಉಳಿದದ್ದು ಆರು ಕೀಲಿಗಳಿಗೆ. ಏಳನೆಯದಕ್ಕೆ ಸ್ಥಳವಿಲ್ಲ. ಇಬ್ಬರು ಸೇರಿ ಆಡುವಾಗ ಆರು ದಾಟುವುದು ಎಷ್ಟರ ಮಾತು? ಬೆರಳಚ್ಚುಗಾರನನ್ನೇ ಮನಸ್ಸಿನಲ್ಲಿಟ್ಟುಕೊಂಡು ಮತ್ತೊಮ್ಮೆ ನಿಯಮ ಬರೆದಿದ್ದರು.

ಹೊಸ ಎನ್‌ಕೋಡರ್ ಹಾಕುವ ಮೊದಲು ಮಗಳನ್ನು ಕೆಳಗೆ ಕರೆದು, ಹಳೆಯದನ್ನೇ ಇಟ್ಟುಕೊಂಡು ಪರದೆಯ ಮೇಲೆ ತೋರಿಸಿದೆ. ಕೋಲನ್ನು ನಾನು ಹಿಡಿದೆ, ಗುಂಡಿಯನ್ನು ಅವಳು ಒತ್ತಿದಳು. ಏನೂ ಬರಲಿಲ್ಲ. “ನೀನು ಹೇಳಿದ್ದೇ ಸರಿ ಕಣಮ್ಮಾ, ನನ್ನದು ತಪ್ಪಾಯಿತು” ಎಂದೆ. ಅವಳು ಗ್ರಾಫ್ ಕಾಗದವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಮ್ಮನನ್ನು ಕರೆದು, ಅವನ ಕೈಯಲ್ಲೂ ಒತ್ತಿಸಿದಳು. ಅಷ್ಟು ಸಾಲದೆಂಬಂತೆ ಅಡಿಗೆಮನೆಯಿಂದ ತಾಯಿಯನ್ನೂ ಕರೆಸಿ, ಅವಳ ಕೈಯಲ್ಲೂ ಒತ್ತಿಸಿದಳು. ಆ ಕಾಗದವನ್ನು ಮಡಿಸಿ ತನ್ನ ಕೋಣೆಗೆ ಒಯ್ದಳು. ನಾನು ಮತ್ತೆ ಅದನ್ನು ಕೇಳಲಿಲ್ಲ. ಪೆಟ್ಟಿಗೆ ಈಗಲೂ ನಮ್ಮ ನೆಲಮಾಳಿಗೆಯಲ್ಲಿದೆ. ಥ್ಯಾಂಕ್ಸ್‌ಗಿವಿಂಗಿಗೆ ಮಕ್ಕಳಿಬ್ಬರೂ ಬಂದಾಗ ಮಗ ಎಡಕ್ಕೆ ನಿಲ್ಲುತ್ತಾನೆ, ಮಗಳು ಬಲಕ್ಕೆ. ಅವಳು ಈಗಲೂ ಧಾಲ್ಸಿಮ್‌ನನ್ನೇ ಆರಿಸುತ್ತಾಳೆ.