ನೀಲಿ ಗುಳಿಗಿಯ ಹಿಂದಿನ ಇತಿಹಾಸ

1/9
ವಾರಕ್ಕೊಮ್ಮೆ ಶಾಲ್ಯಾಗ ಕೊಡೋ ನೀಲಿ ಗುಳಿಗಿ ಗೊತ್ತಲ್ಲ? ಊಟ ಆದಮ್ಯಾಲೆ ಎದುರಿಗೇ ನುಂಗ್ರಿ ಅಂತಾರ. ಕೆಲವರು ನುಂಗ್ತಾರ. ಕೆಲವರು ನಾಲಿಗಿ ಕೆಳಗ ಇಟ್ಕೊಂಡು, ಹೊರಗ ಬಂದು ಉಗುಳ್ತಾರ. ಉಗುಳೋಕ್ಕಿಂತ ಮೊದಲು ಈ ಒಂಬತ್ತು ಕಂತು ಓದ್ರಿ.

ಆ ಗುಳಿಗಿಯೊಳಗ ಮದ್ದು ಅಂತ ಇರೋದು ಎರಡೇ: 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಮೊದಲನೇದನ್ನ ಮನುಷ್ಯ ಬಹಳ ಹಿಂದಿನಿಂದ ಬಲ್ಲ. ಎರಡನೇದರ ಸುಳಿವು ಸಿಕ್ಕಿದ್ದು ಮುಂಬೈಯೊಳಗ, ಗಿರಣಿ ಹೆಣ್ಮಕ್ಕಳ ಕಾಯಿಲೆಯಿಂದ. ಮದ್ದು ಗೊತ್ತಿದ್ರೂ ಮಕ್ಕಳ ಮೈಯಾಗ ರಕ್ತ ಯಾಕ ಕಡಿಮಿ? ಈ ಸರಣಿಯ ಪ್ರಶ್ನೆ ಅದೇ.

2/9
ಮೊದಲು ಕಾಯಿಲೆ ತಿಳ್ಕೊಳ್ಳೋಣ. ‘ರಕ್ತ ಕಡಿಮಿ ಐತಿ’ ಅಂತೀವಲ್ಲ, ಅದರ ಅರ್ಥ ಮೈಯಾಗಿನ ರಕ್ತ ಸೋರಿ ಖಾಲಿ ಆಗೇತಿ ಅಂತಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ಅನ್ನುವ ಕೆಂಪು ಪದಾರ್ಥವಿದೆ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಗೆಲ್ಲ ಮುಟ್ಟಿಸುವುದು ಅದರ ಕೆಲಸ. ಅದನ್ನು ಕಟ್ಟಲು ಕಬ್ಬಿಣ ಬೇಕೇ ಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಒಂದು ಡೆಸಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. 5ರಿಂದ 11 ವರ್ಷದವರಿಗೆ ಆ ಗೆರೆ 11.5, 12ರಿಂದ 14ರವರಿಗೆ 12. ಹತ್ತು ವರ್ಷದವರಿಗೆ 7ರಿಂದ 8 ಇದ್ದರೆ ಅದು ಸಣ್ಣ ಮಾತಲ್ಲ.

ಕಣ್ಣಿಗೆ ಕಾಣೋ ಗುರುತುಗಳೂ ಅವ. ಕೆಳಗಿನ ಕಣ್ರೆಪ್ಪೆ ಒಳಗ, ಉಗುರು, ನಾಲಿಗಿ ಬಿಳಚಿಕೊಳ್ಳೋದು. ಸ್ವಲ್ಪ ಓಡಿದ್ರ ಏದುಸಿರು. ಓದಾಕ ಕುಂತ್ರ ಲಕ್ಷ್ಯ ನಿಲ್ಲಲ್ಲ. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನೋ ಚಟ. ಸಣ್ಣ ತಮ್ಮ ಬಳಪ ತಿಂದ್ರ ಹೊಡಿತಾರ. ಹೊಡ್ಯೋದು ಬಿಟ್ಟು ರಕ್ತ ತೋರಿಸಬೇಕು. ಅದು ಹಟ ಅಲ್ಲ, ಕಬ್ಬಿಣದ ಕೊರತೆಯ ಗುರುತು ಇರಬಹುದು.

3/9
ಕಬ್ಬಿಣದ ಕಥೆ ಹಳೆಯದು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ‘ಪಾಂಡುರೋಗ’ಕ್ಕೆ ಒಂದು ಇಡೀ ಅಧ್ಯಾಯವಿದೆ. ಪಾಂಡು ಎಂದರೆ ಹಳದಿ ಬೆರೆತ ಬಿಳುಪು. ಅಲ್ಲಿ ಹೇಳಿದ ಮದ್ದುಗಳಲ್ಲಿ ಕಬ್ಬಿಣ ಸೇರಿದವೂ ಇವೆ. ರಕ್ತದಲ್ಲಿ ಕಬ್ಬಿಣ ಇದೆ ಎಂದು ಯಾರೂ ತೋರಿಸುವ ಮೊದಲೇ ಅನುಭವದಿಂದ ಕಂಡುಕೊಂಡ ದಾರಿ ಅದು.

ತೋರಿಸಿಕೊಟ್ಟವರು 18ನೇ ಶತಮಾನದ ಇಟಲಿಯ ವೈದ್ಯ ವಿನ್ಸೆಂಜೊ ಮೆಂಘಿನಿ. ರಕ್ತವನ್ನು ಒಣಗಿಸಿ ಸುಟ್ಟು, ಆ ಬೂದಿಯ ಹತ್ತಿರ ಆಯಸ್ಕಾಂತ ಹಿಡಿದರು. ಬೂದಿಯ ಕಣಗಳು ಅಂಟಿಕೊಂಡವು. 1832ರಲ್ಲಿ ಫ್ರಾನ್ಸಿನ ವೈದ್ಯ ಪಿಯರ್ ಬ್ಲೋ, ಬಿಳಚಿಕೊಂಡ ಹುಡುಗಿಯರಿಗೆ ಫೆರಸ್ ಸಲ್ಫೇಟ್ ಸೇರಿದ ಗುಳಿಗೆ ಕೊಟ್ಟು ಗುಣಪಡಿಸಿದ್ದನ್ನು ಪ್ರಕಟಿಸಿದರು.

ಈಗ ಕೈಯಾಗಿನ ಪಟ್ಟಿ ತಿರುವಿ ಹೆಸರು ಓದ್ರಿ. ಬಹಳಷ್ಟು ಪಟ್ಟಿ ಮ್ಯಾಲೆ ಅದೇ ಫೆರಸ್ ಸಲ್ಫೇಟ್ ಇರತೈತಿ. ಸುಮಾರು ಇನ್ನೂರು ವರ್ಷದ ಮದ್ದು, ಇನ್ನೂ ಹಳೇದಾಗಿಲ್ಲ.

4/9
ಇನ್ನ ಎರಡನೇ ಪದಾರ್ಥ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ಡಾಕ್ಟರ್ ಮುಂಬೈಗೆ ಬಂದರು. ಆಗ ನಮ್ಮ ರೋಣ ತಾಲೂಕು ಧಾರವಾಡ ಜಿಲ್ಲೆಯೊಳಗ, ಧಾರವಾಡ ಜಿಲ್ಲೆ ಮುಂಬೈ ಪ್ರಾಂತದೊಳಗ. ಅಂದ್ರ ಇದು ದೂರದ ದೇಶದ ಕಥಿ ಅಲ್ಲ, ಆಗಿನ ನಮ್ಮ ರಾಜಧಾನಿಯ ಕಥಿ.

ಮುಂಬೈಯ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರಿಗೆ ತೀವ್ರ ರಕ್ತಹೀನತೆ ಬರುತ್ತಿತ್ತು, ಹಲವರು ಸಾಯುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವರ ರಕ್ತಕಣಗಳು ಮಾಮೂಲಿಗಿಂತ ದೊಡ್ಡದಾಗಿ ಊದಿಕೊಂಡಿದ್ದವು. ರೋಗಾಣು ಇರಬಹುದೇ ಎಂದು ಹುಡುಕಿದರು, ಸಿಗಲಿಲ್ಲ. ಆಮೇಲೆ ಆ ಹೆಂಗಸರು ಏನು ಉಣ್ಣುತ್ತಾರೆ ಎಂದು ವಿಚಾರಿಸಿದರು. ಉತ್ತರ ತಾಟಿನಲ್ಲೇ ಇತ್ತು: ಊಟ ಬಡವಾಗಿದ್ದಷ್ಟೂ ಕಾಯಿಲೆ ಹೆಚ್ಚು.

ಇಲಿ, ಮಂಗಗಳ ಮೇಲೆ ಪ್ರಯೋಗ ಮಾಡಿದರು. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡುವ ‘ಮಾರ್ಮೈಟ್’ ಎಂಬ ಅಗ್ಗದ ಸಾರವನ್ನು ಕೊಟ್ಟಾಗ ಮಂಗ ಚೇತರಿಸಿಕೊಂಡಿತು. ಹೆಂಗಸರೂ ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಆ ಸಾರದಲ್ಲಿ ಏನಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ, ‘ವಿಲ್ಸ್ ಅಂಶ’ ಎಂದೇ ಕರೆದರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ರಾಶಿ ರಾಶಿ ಪಾಲಕ್ ಸೊಪ್ಪಿನಿಂದ ಒಂದು ಪದಾರ್ಥವನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ‘ಫೋಲಿಯಂ’ನಿಂದ ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ವಿಲ್ಸ್ ಹುಡುಕಿದ್ದ ಅಂಶ ಅದೇ ಎಂದು ಮುಂದೆ ತಿಳಿಯಿತು.

ಎಲೆ ಅಂದ್ರ ನಮ್ಮ ಮಾತಿನ್ಯಾಗ ತಪ್ಪಲ. ಅವ್ವ ದಿನಾ ಮುಂದ ಇಡೋ ತಪ್ಪಲ ಪಲ್ಯೆ.

5/9
ಸರ್ಕಾರದ ಇತಿಹಾಸವನ್ನ ಜಲ್ದಿ ನೋಡಿಬಿಡೋಣ. 1970ರಲ್ಲಿ ಕೇಂದ್ರ ಸರ್ಕಾರ ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಸಣ್ಣ ಮಕ್ಕಳಿಗೆ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ನಮ್ಮ ರಾಜ್ಯಕ್ಕೆ ಆಗಿನ್ನೂ ಮೈಸೂರು ಅಂತಲೇ ಹೆಸರು. ಹರೆಯದವರಿಗೆ ವಾರದ ಗುಳಿಗೆ ಬಂದದ್ದು 2012-13ರ ಹೊತ್ತಿಗೆ. 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ ಬಂತು. ಅದರ ಪ್ರಕಾರ ಆರು ತಿಂಗಳಿಂದ ಐದು ವರ್ಷದವರಿಗೆ ವಾರಕ್ಕೆ ಎರಡು ಸಲ 1 ಮಿಲಿಲೀಟರ್ ಸಿರಪ್, 5ರಿಂದ 9 ವರ್ಷದವರಿಗೆ ವಾರಕ್ಕೊಂದು ಗುಲಾಬಿ ಗುಳಿಗಿ, 10ರಿಂದ 19ರವರಿಗೆ ನೀಲಿ ಗುಳಿಗಿ. ಜೊತೆಗೆ ಜಂತುಹುಳದ ಗುಳಿಗಿ. ಕೊಕ್ಕೆಹುಳ ಕರುಳಿಗೆ ಕಚ್ಚಿಕೊಂಡು ರಕ್ತ ಹೀರತೈತಿ. ಹುಳ ಒಳಗ ಇದ್ರ ತೂತಿನ ಕೊಡಕ್ಕ ನೀರು ಸುರಿದಂಗ.

ನಡುವೆ ಹೆದರಿಕೆಯೂ ಹಬ್ಬಿತು. 2013ರಲ್ಲಿ ದೆಹಲಿ, ಹರಿಯಾಣದ ಶಾಲೆಗಳಲ್ಲಿ ಗುಳಿಗೆ ನುಂಗಿದ ನೂರಾರು ಮಕ್ಕಳಿಗೆ ಹೊಟ್ಟೆನೋವು, ವಾಂತಿ ಆಯಿತು ಎಂಬ ಸುದ್ದಿ ದೇಶವೆಲ್ಲ ಓಡಾಡಿತು. ಬರಿ ಹೊಟ್ಟೆಯಲ್ಲಿ ಕಬ್ಬಿಣ ನುಂಗಿದರೆ ವಾಕರಿಕೆ, ಹೊಟ್ಟೆನೋವು ಬರುವುದುಂಟು. ಊಟ ಆದಮ್ಯಾಲೆ ಅಂತ ಹೇಳೋದು ಅದಕ್ಕ. ಮಲ ಕಪ್ಪಾಗೋದೂ ಸಹಜ, ಅಂಜಬ್ಯಾಡ್ರಿ.

6/9
ಇಷ್ಟೆಲ್ಲ ಆದಮ್ಯಾಲೆ ಲೆಕ್ಕ ಏನು ಹೇಳತೈತಿ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇದ್ದವರು 2015-16ರಲ್ಲಿ ಶೇ 60.9. ಮುಂದಿನ ಸುತ್ತಿನಲ್ಲಿ, ಅಂದರೆ 2019-21ರ ಸಮೀಕ್ಷೆಯಲ್ಲಿ, ಶೇ 65.5. ಇಳಿಯೋ ಬದಲು ಏರೇತಿ.

ಈ ಅಂಕಿಯನ್ನ ಸ್ವಲ್ಪ ಹುಷಾರಾಗಿ ಓದಬೇಕು. ಈ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಾರೆ. 2016-18ರಲ್ಲಿ ನಡೆದ ಮಕ್ಕಳ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ರಕ್ತನಾಳದಿಂದ ರಕ್ತ ತೆಗೆದು ಪರೀಕ್ಷಿಸಿದಾಗ, ದೇಶದ 1ರಿಂದ 4 ವರ್ಷದ ಮಕ್ಕಳಲ್ಲಿ ಶೇ 41ರಷ್ಟು ಜನರಿಗೆ ರಕ್ತಹೀನತೆ ಕಂಡಿತ್ತು. ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದ್ರ ಕಡಿಮಿ ಅಂಕಿಯನ್ನೇ ಹಿಡಿದ್ರೂ, ಹತ್ತು ಕೂಸುಗಳು ಆಡ್ತಿದ್ರ ನಾಕು ಕೂಸಿಗೆ ರಕ್ತ ಕಡಿಮಿ. ಇದು ಸಣ್ಣ ಲೆಕ್ಕ ಅಂತ ಯಾರಂತಾರ?

7/9
ಫೋಟೋದಾಗ ಇರೋದು ನಮ್ಮ ಮಲಪ್ರಭೆ ದಂಡಿಯ ಊಟ: ಜ್ವಾಳದ ರೊಟ್ಟಿ, ಮಡಕಿಕಾಳ ಪಲ್ಯೆ, ಮೆಂತ್ಯೆ ತಪ್ಪಲ, ಗುರೆಳ್ಳ ಚಟ್ನಿ. ನೂರು ಗ್ರಾಂ ಜ್ವಾಳದಾಗ ಸುಮಾರು 4 ಮಿಲಿಗ್ರಾಂ ಕಬ್ಬಿಣ, ಸಜ್ಜಿಯೊಳಗ 6ಕ್ಕಿಂತ ಜಾಸ್ತಿ, ಪಾಲಿಶ್ ಅಕ್ಕಿಯೊಳಗ 1 ಮಿಲಿಗ್ರಾಂ ಸಹ ಇಲ್ಲ. ‘ರೊಟ್ಟಿ ಹಳ್ಳಿ ಊಟ’ ಅಂತ ಮೂಗು ಮುರಿಯೋರಿಗೆ ಈ ಲೆಕ್ಕ ತೋರಿಸ್ರಿ.

ಹಂಗಾದ್ರ ರೊಟ್ಟಿ ತಿನ್ನೋರಿಗೆ ರಕ್ತ ಯಾಕ ಕಡಿಮಿ? ಕಾಳುಕಡಿಯೊಳಗ ಫೈಟೇಟ್ ಅನ್ನೋ ಪದಾರ್ಥ ಐತಿ, ಅದು ಕಬ್ಬಿಣವನ್ನ ಹಿಡಿದಿಟ್ಕೋತೈತಿ. ಹಿಂಗಾಗಿ ತಿಂದದ್ದರಲ್ಲಿ ಸ್ವಲ್ಪೇ ಮೈಗೆ ಹತ್ತತೈತಿ. ಊಟದ ಜೋಡಿ ಚಹಾ ಕುಡಿದ್ರ ಆ ಸ್ವಲ್ಪನೂ ಇಳೀತೈತಿ. ಲಿಂಬಿಹಣ್ಣು, ಪೇರಲ, ನೆಲ್ಲಿಕಾಯಿ ಇದ್ರ ಏರತೈತಿ. ಕಾಳು ನೆನೆಸಿ ಮೊಳಕೆ ಬರಿಸಿದ್ರ ಫೈಟೇಟ್ ಕಡಿಮಿ ಆಗತೈತಿ. ಮೊಳಕೆ ಮಡಕಿಗೆ ಲಿಂಬಿ ಹಿಂಡೋದು ಬರೀ ರುಚಿಗಲ್ಲ.

ತತ್ತಿ ವಿಚಾರದಾಗ ನಮ್ಮ ಜಿಲ್ಲೆಗೂ ಒಂದು ಪಾತ್ರ ಐತಿ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ತತ್ತಿ ಕೊಡಲು ಶುರುಮಾಡಿದರು. ತತ್ತಿ ಬೇಡ ಎಂದವರಿಗೆ ಬಾಳೆಹಣ್ಣು. ಗದಗ ಆ ಪಟ್ಟಿಯಲ್ಲಿ ಇರಲಿಲ್ಲ. ಗದುಗಿನಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ತತ್ತಿ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು ಸಿಗದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿದರು. ಯಾದಗಿರಿ ಮಕ್ಕಳ ತೂಕ ಹೆಚ್ಚು ಏರಿತ್ತು. 2022ರಲ್ಲಿ ಯೋಜನೆ ಎಲ್ಲ ಜಿಲ್ಲೆಗೂ ಬಂತು. ಅಲ್ಲಿ ಅಳೆದದ್ದು ತೂಕ, ರಕ್ತ ಅಲ್ಲ. ತತ್ತಿಯೊಂದರಿಂದಲೇ ಕಬ್ಬಿಣ ತುಂಬಲ್ಲ, ಆದ್ರ ರಕ್ತ ಕಟ್ಟಾಕ ಬೇಕಾದ ಪ್ರೋಟೀನು, ಬಿ12 ಅದರಾಗ ಅವ.

8/9
ಈಗ ಈ ಸರಣಿಯ ಮುಖ್ಯ ಕಂತು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚಾಮರಾಜನಗರ ಮತ್ತು ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳ 1ರಿಂದ 2 ವರ್ಷದೊಳಗಿನ 401 ಮಕ್ಕಳ ರಕ್ತ ಪರೀಕ್ಷಿಸಿದ್ದರು. ಶೇ 75.3ರಷ್ಟು ಮಕ್ಕಳಿಗೆ ರಕ್ತಹೀನತೆ. ಮಗುವಿನ ಹಿಮೋಗ್ಲೋಬಿನ್ ಯಾವುದರ ಜೊತೆ ತಳಕು ಹಾಕಿಕೊಂಡಿತ್ತು? ಮೈಯಲ್ಲಿನ ಕಬ್ಬಿಣ ಮತ್ತು ಫೋಲೇಟ್, ತಾಯಿಯ ಹಿಮೋಗ್ಲೋಬಿನ್, ಮನೆಯ ಬಡತನ, ಊಟದ ಕೊರತೆ. ಅವ್ವನ ರಕ್ತ ಕಡಿಮಿ ಇದ್ರ ಕೂಸಿಂದೂ ಕಡಿಮಿ. ಲೂಸಿ ವಿಲ್ಸ್ ಮುಂಬೈಯೊಳಗ ಕಂಡದ್ದೇ ಎಂಬತ್ತು ವರ್ಷದ ಮ್ಯಾಲೆ ನಮ್ಮ ರಾಜ್ಯದಾಗೂ ಕಂಡಿತು.

ಆಮೇಲೆ ಚಾಮರಾಜನಗರ ಜಿಲ್ಲೆಯ 55 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ನಡೆಯಿತು, 2019ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ರಕ್ತಹೀನತೆ ಇದ್ದ ಸಣ್ಣ ಮಕ್ಕಳಿಗೆ ಎಲ್ಲ ಹಳ್ಳಿಗಳಲ್ಲೂ ಕಬ್ಬಿಣದ ಮದ್ದು ಸಿಗುವಂತಿತ್ತು. ವ್ಯತ್ಯಾಸ ಒಂದೇ. ಅರ್ಧ ಹಳ್ಳಿಗಳಲ್ಲಿ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರು ಮನೆಗೇ ಹೋಗಿ, ಮದ್ದು ಯಾಕೆ, ಹೇಗೆ ಕೊಡಬೇಕು, ಏನು ಉಣಿಸಬೇಕು ಎಂದು ತಾಯಿ-ತಂದೆಗೆ ಹೇಳಿಕೊಡುತ್ತಿದ್ದರು. ಹಾಗೆ ಹೇಳಿಕೊಡದ ಕಡೆ ಗುಣವಾದವರು ನೂರಕ್ಕೆ ಸುಮಾರು 41. ಹೇಳಿಕೊಟ್ಟ ಕಡೆ ಸುಮಾರು 56.

ಇನ್ನೊಮ್ಮೆ ಓದ್ರಿ. ಮದ್ದು ಒಂದೇ ಬಗೆಯದು. ಕೂತು ಮಾತಾಡೋ ಒಬ್ಬರು ಇದ್ದದ್ದಕ್ಕ ನೂರಕ್ಕ ಹದಿನೈದು ಮಕ್ಕಳು ಹೆಚ್ಚಿಗಿ ಗುಣ ಆದ್ರು. ರಕ್ತಹೀನತೆಯ ಇತಿಹಾಸ ಸಿಕ್ಕಿಬಿದ್ದಿರೋದು ಇಲ್ಲೇ. ಮದ್ದು ಹುಡುಕಿ ಆಗೇತಿ. ಅಂಗನವಾಡಿ ಕಪಾಟಿನಿಂದ ಕೂಸಿನ ಹೊಟ್ಟಿಗೆ ಹೋಗೋ ದಾರಿ ಇನ್ನೂ ಪೂರಾ ಆಗಿಲ್ಲ. ಆ 56ರ ಆಚಿಗೂ ನಲವತ್ತನಾಕು ಮಕ್ಕಳು ಉಳಿದ್ರು ಅನ್ನೋದನ್ನೂ ಮರೀಬ್ಯಾಡ್ರಿ. ಮನಿಯಾಗ ಊಟನೇ ಕಡಿಮಿ ಇದ್ರ ಮಾತೊಂದೇ ಸಾಲಂಗಿಲ್ಲ.

9/9
ನೀವು ಮಾಡೋದೇನು?

– ನಿಮ್ಮ ಗುಳಿಗಿ ನೀವು ನುಂಗ್ರಿ. ಊಟ ಆದಮ್ಯಾಲೆ, ನೀರಿನ ಜೋಡಿ. ಹಾಲು, ಚಹಾ ಬ್ಯಾಡ.

– ಮನಿಯಾಗ ಸಣ್ಣವರು ಇದ್ರ ಸಿರಪ್ ಬಾಟ್ಲಿ ಎಲ್ಲೈತಿ ಕೇಳ್ರಿ. ವಾರದ ಎರಡು ದಿನ ಗೋಡೆಯ ಕ್ಯಾಲೆಂಡರ್ ಮ್ಯಾಲೆ ಗುರುತು ಹಾಕ್ರಿ. ಬಾಟ್ಲಿ ಮಾತ್ರ ಕೂಸಿನ ಕೈಗೆ ಸಿಗಬಾರದು. ಕಬ್ಬಿಣದ ಮದ್ದು ಒಮ್ಮೆಲೇ ಬಹಳ ಕುಡಿದ್ರ ಸಣ್ಣ ಮಕ್ಕಳ ಜೀವಕ್ಕೇ ಅಪಾಯ.

– ವಾರದ ಮದ್ದು ತಡೆಯೋಕೆ. ರಕ್ತ ಕಡಿಮಿ ಅಂತ ಪರೀಕ್ಷೆಯೊಳಗ ಬಂದ್ರ ದಿನಾ ಮದ್ದು ಬೇಕು. ಸಣ್ಣ ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ ಕಬ್ಬಿಣ ಅನ್ನೋದು ಸಾಮಾನ್ಯ ಲೆಕ್ಕ. ಪ್ರಮಾಣ ಡಾಕ್ಟರೇ ಹೇಳಬೇಕು. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ, ಹೊಸಾವು ಕಟ್ಟಾಕ ತಿಂಗಳುಗಟ್ಟಲೆ ಬೇಕು. ಹದಿನೈದು ದಿನಕ್ಕ ಮುಖ ಕಳೆ ಬಂತು ಅಂತ ಬಿಟ್ರ ಮತ್ತ ಇಳೀತೈತಿ.

– ಐದು ವರ್ಷದೊಳಗಿನವರಿಗೆ 7 ಗ್ರಾಂಗಿಂತ, ಅದಕ್ಕಿಂತ ದೊಡ್ಡ ಮಕ್ಕಳಿಗೆ 8 ಗ್ರಾಂಗಿಂತ ಕಡಿಮಿ ಇದ್ರ ತಡ ಮಾಡದ ದೊಡ್ಡ ದವಾಖಾನಿ. ಮದ್ದು ಸರಿಯಾಗಿ ತಗೊಂಡ್ರೂ ಏರಲಿಲ್ಲ ಅಂದ್ರ ಬೇರೆ ಕಾರಣ ಇರಬಹುದು: ಬಿ12 ಕೊರತೆ, ಥಲಸೇಮಿಯಾ, ಕುಡಗೋಲು ಕಣ ರೋಗ. ಅದಕ್ಕ ಬೇರೆ ಪರೀಕ್ಷೆ ಐತಿ.

– ಅವ್ವ, ಅಕ್ಕ, ಅತ್ತಿಗಿ ಇವರದೂ ರಕ್ತ ಪರೀಕ್ಷೆ ಆಗೇತೇನು ಕೇಳ್ರಿ. ಎಲ್ಲರಿಗೂ ನೀಡಿ ಕಡೀಕ ಉಣ್ಣೋ ಅವ್ವನ ತಾಟಿನ್ಯಾಗ ಏನು ಉಳಿದೈತಿ, ಒಮ್ಮೆ ನೋಡ್ರಿ.

ಚಾಮರಾಜನಗರದ ಹಳ್ಳಿಗಳಲ್ಲಿ ಆ ಕೆಲಸ ಮಾಡಿದವರು ಡಾಕ್ಟರ್‌ಗಳಲ್ಲ, ಊರಿನ ಹೆಣ್ಮಕ್ಕಳು. ಈ ಒಂಬತ್ತು ಕಂತು ಓದಿದ ನಿಮಗೂ ಈಗ ಒಂದು ಮನಿಗೆ ತಿಳಿಸಿ ಹೇಳೋವಷ್ಟು ಗೊತ್ತೈತಿ. ಯಾರ ಮನಿಯಿಂದ ಶುರು ಮಾಡ್ತೀರಿ?

#ಹೊಳೆಮಣ್ಣೂರ #ರೋಣ #ನಮ್ಮಗದಗ #ರಕ್ತಹೀನತೆ #ನೀಲಿಗುಳಿಗಿ #ಇತಿಹಾಸದಕಂತು