ಉದ್ಯಾನ ಕೊಳಗಳಲ್ಲಿ ಬಾಷ್ಪೀಕರಣದಿಂದ ನೀರಿನ ನಷ್ಟ

ಮನೆಯ ಹಿತ್ತಿಲು ಅಥವಾ ಕೈತೋಟದಲ್ಲಿ ಅಲಂಕಾರಕ್ಕಾಗಿ, ಮೀನು ಮತ್ತು ಜಲಸಸ್ಯಗಳಿಗಾಗಿ ನಿರ್ಮಿಸುವ ಚಿಕ್ಕ ಕೊಳಗಳ ಮೇಲ್ಮೈಯಿಂದ ನೀರು ನಿರಂತರವಾಗಿ ಆವಿಯಾಗಿ ವಾತಾವರಣವನ್ನು ಸೇರುತ್ತದೆ. ಇದು ಸಹಜ ಕ್ರಿಯೆಯಾದರೂ, ಹೊರನೋಟಕ್ಕೆ ಸೋರಿಕೆಯಂತೆಯೇ ಕಾಣುವುದರಿಂದ ಎರಡನ್ನೂ ಪ್ರತ್ಯೇಕಿಸಿ ಅರಿಯುವುದು ಕೊಳದ ನಿರ್ವಹಣೆಯಲ್ಲಿ ಮುಖ್ಯವಾಗುತ್ತದೆ.

ಕಾರಣಗಳು

ನೀರಿನ ಮೇಲ್ಮೈಯಲ್ಲಿರುವ ಆವಿಯ ಒತ್ತಡ ಮತ್ತು ಗಾಳಿಯಲ್ಲಿರುವ ಆವಿಯ ಒತ್ತಡ ಇವುಗಳ ವ್ಯತ್ಯಾಸ ಹೆಚ್ಚಿದಷ್ಟೂ ಬಾಷ್ಪೀಕರಣ ಹೆಚ್ಚುತ್ತದೆ. ಈ ಸಂಬಂಧವನ್ನು 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ ನಿರೂಪಿಸಿದನು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ನಿಂದ 30 ಡಿಗ್ರಿಗೆ ಏರಿದರೆ ಅದರ ಸಂತೃಪ್ತ ಆವಿಯ ಒತ್ತಡ ಸುಮಾರು 2.3 ಕಿಲೋಪಾಸ್ಕಲ್‌ನಿಂದ 4.2 ಕಿಲೋಪಾಸ್ಕಲ್‌ಗೆ ಏರುತ್ತದೆ. ಬೀಸುಗಾಳಿಯು ಮೇಲ್ಮೈಗೆ ಅಂಟಿದಂತಿರುವ ತೇವದ ಪದರವನ್ನು ಒಯ್ದು ಒಣಗಾಳಿಯನ್ನು ತರುತ್ತದೆ. ಆದ್ದರಿಂದ ನಷ್ಟವು ಬಿಸಿಲಿಗಷ್ಟೇ ಸೀಮಿತವಲ್ಲ. ಹಗಲಿನಲ್ಲಿ ಕಾದ ನೀರು ರಾತ್ರಿಯ ಒಣಹವೆಯಲ್ಲೂ ಆವಿಯಾಗುತ್ತಿರುತ್ತದೆ. ಕಾರಂಜಿ ಹಾಗೂ ಕೃತಕ ಜಲಪಾತಗಳು ನೀರನ್ನು ಹನಿಗಳಾಗಿ ಒಡೆದು ಮೇಲ್ಮೈಯನ್ನು ಹಿಗ್ಗಿಸುತ್ತವೆ, ಜೊತೆಗೆ ತುಂತುರು ಗಾಳಿಗೆ ಹಾರಿಹೋಗುತ್ತದೆ.

ಪ್ರಮಾಣ

ಒಂದು ಚದರ ಮೀಟರ್ ಮೇಲ್ಮೈಯಲ್ಲಿ ಒಂದು ಮಿಲಿಮೀಟರ್ ಇಳಿಕೆಯೆಂದರೆ ಒಂದು ಲೀಟರ್ ನೀರು. 3 ಮೀಟರ್ ಉದ್ದ, 2 ಮೀಟರ್ ಅಗಲದ ಕೊಳದಲ್ಲಿ ದಿನಕ್ಕೆ 6 ಮಿಲಿಮೀಟರ್ ಇಳಿದರೆ 36 ಲೀಟರ್ ಹೋದಂತಾಯಿತು. ನಷ್ಟವು ಮೇಲ್ಮೈಯ ವಿಸ್ತಾರವನ್ನು ಅವಲಂಬಿಸಿದೆಯೇ ಹೊರತು ನೇರವಾಗಿ ಆಳವನ್ನಲ್ಲ. ಹೀಗಾಗಿ ಆಳ ಕಡಿಮೆಯಿರುವ ಕೊಳ ಬೇಗ ಬರಿದಾಗುತ್ತದೆ.

ಸೋರಿಕೆಯನ್ನು ಗುರುತಿಸುವುದು

ಇದಕ್ಕೆ ಬಕೆಟ್ ಪರೀಕ್ಷೆ ಸರಳವೂ ನಂಬಲರ್ಹವೂ ಆದ ವಿಧಾನ. ಬಕೆಟ್ಟಿನಲ್ಲಿ ಕೊಳದ ನೀರನ್ನೇ ತುಂಬಿ, ಒಳಗಿನ ಮತ್ತು ಹೊರಗಿನ ಮಟ್ಟ ಸಮನಾಗುವಂತೆ ಕೊಳದೊಳಗೆ ಕಲ್ಲಿನ ಮೇಲೆ ಇರಿಸಿ, ಎರಡೂ ಮಟ್ಟಗಳನ್ನು ಗುರುತು ಮಾಡಬೇಕು. ಮಳೆಯಿಲ್ಲದ ದಿನ, ಪಂಪನ್ನು ನಿಲ್ಲಿಸಿ, 24 ಗಂಟೆಗಳ ನಂತರ ನೋಡಿದಾಗ ಎರಡೂ ಸಮನಾಗಿ ಇಳಿದಿದ್ದರೆ ಅದು ಬಾಷ್ಪೀಕರಣ. ಕೊಳದ ಮಟ್ಟ ಸ್ಪಷ್ಟವಾಗಿ ಹೆಚ್ಚು ಇಳಿದಿದ್ದರೆ ಸೋರಿಕೆಯನ್ನು ಶಂಕಿಸಬೇಕು. ಪಂಪು ನಡೆಯುವಾಗ ಮಾತ್ರ ಅತಿಯಾಗಿ ಇಳಿದರೆ ಕೊಳವೆ ಅಥವಾ ಜಲಪಾತದ ಅಂಚನ್ನು ಪರೀಕ್ಷಿಸುವುದು ಸೂಕ್ತ. ಅಂಚಿನ ಹಾಳೆ ಮಡಚಿಕೊಂಡು ಮಣ್ಣು ನೀರನ್ನು ತಾಕಿದ್ದರೆ ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಮಣ್ಣು ನೀರನ್ನು ಹೀರುತ್ತದೆ. ತೂತು ಹುಡುಕುವವರು ಇದನ್ನು ಗಮನಿಸದಿರುವುದುಂಟು.

ನೀರಿನ ಗುಣದ ಮೇಲೆ ಪರಿಣಾಮ

ಆವಿಯಾಗುವುದು ನೀರು ಮಾತ್ರ, ಲವಣಗಳು ಉಳಿಯುತ್ತವೆ. ಮೇಲಿನ ಕೊಳದ ಸರಾಸರಿ ಆಳ 60 ಸೆಂಟಿಮೀಟರ್ ಆಗಿದ್ದರೆ ಅದರಲ್ಲಿರುವುದು 3,600 ಲೀಟರ್. ಮಳೆಯಿಲ್ಲದ 100 ದಿನಗಳು ನಿತ್ಯ 36 ಲೀಟರ್ ಕೊಳವೆಬಾವಿಯ ಗಡಸು ನೀರನ್ನು ತುಂಬಿಸುತ್ತ ಹೋದರೆ, ಮೊದಲು ತುಂಬಿದ್ದೂ ಅದೇ ನೀರಾಗಿದ್ದಲ್ಲಿ, ಕರಗಿದ ಲವಣದ ಪ್ರಮಾಣ ಸರಿಸುಮಾರು ಎರಡರಷ್ಟಾಗುತ್ತದೆ. ಮಟ್ಟ ತುಂಬಿಸುವುದರಿಂದ ಇದು ಸರಿಹೋಗದು. ಆಗಾಗ ಸ್ವಲ್ಪ ನೀರನ್ನು ಹೊರತೆಗೆಯಬೇಕು ಇಲ್ಲವೇ ಮಳೆನೀರನ್ನು ಬಳಸಬೇಕು.

ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಮೀನಿನ ಕಿವಿರುಗಳಿಗೆ ಹಾನಿಕರ. ತೆರೆದ ಪಾತ್ರೆಯಲ್ಲಿ ಒಂದೆರಡು ದಿನ ಇಟ್ಟರೆ ಅದು ಬಹುಮಟ್ಟಿಗೆ ಹೋಗುತ್ತದೆ. ಕ್ಲೋರಮೀನ್ ಹಾಗೆ ಸುಲಭವಾಗಿ ಹೋಗದು. ಅದಕ್ಕೆ ನೀರು ಶುದ್ಧಿಗೊಳಿಸುವ ರಾಸಾಯನಿಕ ಬೇಕು.

ನಿಯಂತ್ರಣ

ಮಧ್ಯಾಹ್ನದ ಬಿಸಿಲಿಗೆ ನೆರಳು, ಗಾಳಿ ಬೀಸುವ ದಿಕ್ಕಿಗೆ ಪೊದೆಯ ಬೇಲಿ, ನೈದಿಲೆಯಂತಹ ತೇಲುವ ಎಲೆಗಳ ಸಸ್ಯಗಳು ಸಹಕಾರಿ. ಮೇಲ್ಮೈಯನ್ನು ಪೂರ್ತಿ ಮುಚ್ಚಿದರೆ ಆಮ್ಲಜನಕ ನೀರಿಗೆ ಸೇರುವುದು ಕುಗ್ಗುವುದರಿಂದ ಮೀನುಗಳಿರುವಲ್ಲಿ ಒಂದಷ್ಟು ಭಾಗ ತೆರೆದಿರಬೇಕು. ಅದೇ ಕಾರಣಕ್ಕೆ, ಮೀನುಗಳು ಕಾರಂಜಿಯನ್ನೇ ನೆಚ್ಚಿಕೊಂಡಿದ್ದರೆ ನೀರು ಉಳಿಸಲೆಂದು ಬೇಸಗೆಯ ರಾತ್ರಿ ಅದನ್ನು ನಿಲ್ಲಿಸುವುದು ಅಪಾಯಕರ.