ರಸ್ತೆಗೊಂದು ನಿಲ್ದಾಣ, ಕಡಲಿಗೊಂದು ನೆನಪು



ರೈಲಿಗೆ ನಿಲ್ದಾಣವಿದೆ, ಬಸ್ಸಿಗೂ ನಿಲ್ದಾಣವಿದೆ. ರಸ್ತೆಗೇ ಒಂದು ನಿಲ್ದಾಣ ಉಂಟೆಂದು ನೀವು ಕೇಳಿದ್ದೀರಾ? ನಮ್ಮ ಹಿರಿಯರು ಬೇಸಗೆಯಲ್ಲಿ ದಾರಿಹೋಕರಿಗಾಗಿ ಅರವಟ್ಟಿಗೆ ಇಡುತ್ತಿದ್ದರು. ಮಣ್ಣಿನ ಹರವಿಯ ನೀರು ಕುಡಿದು, ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಕುಳಿತವನಿಗೆ ನೆರಳಿನ ಜತೆಗೆ ಆ ಊರಿನ ಸುದ್ದಿಯೂ ಸಿಗುತ್ತಿತ್ತು. ಅದೇ ಅರವಟ್ಟಿಗೆ ಬೆಳೆದು, ಪಕ್ಕದಲ್ಲೊಂದು ಸಂತೆ ಸೇರಿಕೊಂಡು, ಇನ್ನೊಂದು ಪಕ್ಕದಲ್ಲಿ ಊರಿನ ಚರಿತ್ರೆ ಹೇಳುವ ಮನೆಯೂ ಸೇರಿಕೊಂಡರೆ ಹೇಗಿದ್ದೀತು? ಜಪಾನ್ ದೇಶದಲ್ಲಿ ಅಂಥದೊಂದು ವ್ಯವಸ್ಥೆ ಇದೆ. ಅದರ ಹೆಸರು 'ಮಿಚಿ ನೊ ಎಕಿ'. ಮಿಚಿ ಎಂದರೆ ದಾರಿ, ಎಕಿ ಎಂದರೆ ನಿಲ್ದಾಣ. ಈ ಹೊತ್ತು ನಿಮ್ಮನ್ನು ಅಂಥ ಒಂದು ನಿಲ್ದಾಣಕ್ಕೆ, ಕಡಲ ದಂಡೆಯಲ್ಲಿರುವ ಒಂದು ಊರಿಗೆ, ಕರೆದುಕೊಂಡು ಹೋಗಬೇಕೆಂದಿದ್ದೇನೆ.

ಮೊದಲು ಈ ನಿಲ್ದಾಣಗಳ ಹುಟ್ಟಿನ ಕಥೆ. 1990ರಲ್ಲಿ ಹಿರೋಶಿಮಾದಲ್ಲಿ ಊರುಗಳ ಏಳಿಗೆಯ ಬಗ್ಗೆ ಒಂದು ಸಭೆ ನಡೆಯಿತು. ರೈಲುದಾರಿಗೆ ನಿಲ್ದಾಣಗಳಿರುವಾಗ ರಸ್ತೆಗೂ ಏಕಿರಬಾರದು ಎಂಬ ಮಾತು ಆ ಸಭೆಯಲ್ಲಿ ಬಂತು. ಮಾತು ಸಣ್ಣದು. ಆದರೆ ದೂರದ ದಾರಿಯಲ್ಲಿ ಹೆಂಗಸರು, ಮಕ್ಕಳು, ಮುದುಕರು ಪಡುವ ಪಾಡನ್ನು ಬಲ್ಲವರಿಗೆ ಅದರ ತೂಕ ತಿಳಿಯಿತು. ಮರುವರ್ಷವೇ ಕೆಲವು ಜಿಲ್ಲೆಗಳಲ್ಲಿ ಪ್ರಯೋಗ ನಡೆಯಿತು. 1993ರ ಏಪ್ರಿಲ್‌ನಲ್ಲಿ ಮೊದಲ ಕಂತಿನ 103 ನಿಲ್ದಾಣಗಳು ಸರ್ಕಾರದ ಪಟ್ಟಿ ಸೇರಿದವು. ಇಂದು ಅವುಗಳ ಸಂಖ್ಯೆ 1,200ನ್ನು ಮೀರಿದೆ.

ನಿಯಮ ಸರಳ. ಹಗಲಿರಲಿ ಇರುಳಿರಲಿ, ವಾಹನ ನಿಲ್ಲಿಸಲು ಜಾಗ ಮತ್ತು ಚೊಕ್ಕಟವಾದ ಶೌಚಾಲಯ ತೆರೆದೇ ಇರಬೇಕು. ಅದಕ್ಕೆ ಕಾಸು ಕೇಳುವಂತಿಲ್ಲ. ದಾರಿಯ, ಊರಿನ ಮಾಹಿತಿ ಅಲ್ಲಿ ಸಿಗಬೇಕು. ಮೂರನೆಯದಾಗಿ, ಆ ಸೀಮೆಯ ಜನರಿಗೆ ಅದರಿಂದ ಪ್ರಯೋಜನವಾಗಬೇಕು. ಹೀಗಾಗಿ ಅಲ್ಲಿನ ರೈತರು ತಮ್ಮ ಸೊಪ್ಪು, ಹಣ್ಣು, ಅಕ್ಕಿಯನ್ನೂ ಬೆಸ್ತರು ತಮ್ಮ ಮೀನನ್ನೂ ತಂದು ಮಾರುತ್ತಾರೆ. ಊರಿನ ಹೆಸರು ಊರಿನ ಬೆಳೆಯ ಮೇಲೆ ಕೂತು ಗಿರಾಕಿಯ ಮನೆಗೆ ಹೋಗುತ್ತದೆ.

ಈಗ ಹೊರಡೋಣ. ಟೋಕಿಯೋದಿಂದ ಬಡಗಣ ದಿಕ್ಕಿಗೆ ವೇಗದ ರೈಲಿನಲ್ಲಿ ಎರಡು ಗಂಟೆಯ ಮೇಲೆ ಪ್ರಯಾಣ ಮಾಡಿ ಇಚಿನೊಸೆಕಿ ಎಂಬಲ್ಲಿ ಇಳಿಯಬೇಕು. ಅಲ್ಲಿಂದ ಬೆಟ್ಟಗಳ ನಡುವಿನ ಸಣ್ಣ ರೈಲು ಹಿಡಿದು ಕೆಸೆನ್ನುಮಾ ಎಂಬ ಬಂದರು ಪಟ್ಟಣ ಸೇರಬೇಕು. ಮುಂದಕ್ಕೂ ಹಿಂದೆ ರೈಲಿತ್ತು. ಈಗ ಹಳಿಯಿಲ್ಲ, ಹಳಿಯಿದ್ದ ಜಾಗದಲ್ಲಿ ಬಹುದೂರ ರಸ್ತೆ ಮಾಡಿ ಬಸ್ಸು ಓಡಿಸುತ್ತಾರೆ. ಹಳಿ ಎಲ್ಲಿ ಹೋಯಿತು ಎಂದು ಕೇಳಿದರೆ, ಕಡಲು ಕೊಂಡೊಯ್ದಿತು ಎಂಬುದೇ ಉತ್ತರ. ಆ ಬಸ್ಸಿನಲ್ಲಿ ಕೂತು ನಾವು ಇಳಿಯುವ ಊರು ಇವಾತೆ ಪ್ರಾಂತದ ರಿಕುಜೆನ್‌ತಕಾತ. ದಂಡೆಯ ನಿಲ್ದಾಣದ ಹೆಸರು ತಕಾತ ಮತ್ಸುಬಾರ. ಮತ್ಸುಬಾರ ಎಂದರೆ ದೇವದಾರುವಿನ ಜಾತಿಗೆ ಸೇರಿದ ಪೈನ್ ಮರಗಳ ತೋಪು.

ಆ ತೋಪಿನಿಂದಲೇ ಊರಿನ ಚರಿತ್ರೆ ಶುರುವಾಗುತ್ತದೆ. 1667ರಲ್ಲಿ ಕಾನ್ನೊ ಮೊಕುನೊಸುಕೆ ಎಂಬ ಸಿರಿವಂತ ಈ ದಂಡೆಯಲ್ಲಿ ಸಸಿ ನೆಡಿಸಲು ತೊಡಗಿದ. ಕಡಲಿನ ಉಪ್ಪುಗಾಳಿಯೂ ಮರಳೂ ಹೊಲಗದ್ದೆಗಳನ್ನು ಕೆಡಿಸುತ್ತಿದ್ದುದೇ ಕಾರಣ. ಮುಂದಿನ ಶತಮಾನದಲ್ಲಿ ಮತ್ಸುಜಾಕ ಶಿನ್'ಎಮೊನ್ ಎಂಬಾತ ಆ ಕೆಲಸವನ್ನು ಮುಂದುವರಿಸಿದ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕಾಯ್ದ. ಎರಡು ಕಿಲೋಮೀಟರ್ ಉದ್ದದ ದಂಡೆಯಲ್ಲಿ ಸುಮಾರು 70,000 ಮರಗಳು ನಿಂತವು. ಬೆನ್ನಿಗೆ ತೋಪು, ಮುಂದೆ ಬಿಳಿಯ ಮರಳು. ಈ ಚೆಲುವನ್ನು ನೋಡಲು ಬರುವವರಿಗಾಗಿಯೇ ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ಒಂದು ರಸ್ತೆ ನಿಲ್ದಾಣ ಎದ್ದಿತು. ಅದರ ಒಂದು ಬದಿ ಕಡಲಿಗೆ ಮುಖಮಾಡಿದ ಮೆಟ್ಟಿಲುಗಳಂತೆ ಏರುತ್ತ ಹೋಗಿ ತುದಿಯಲ್ಲಿ ಮೊನೆಯಾಗುತ್ತಿತ್ತು.

ಆದರೆ ಆ ದಂಡೆಗೆ ಇನ್ನೊಂದು ಚರಿತ್ರೆಯೂ ಇತ್ತು. 'ತ್ಸುನಾಮಿ' ಎಂಬ ಮಾತನ್ನು ನಮ್ಮಲ್ಲಿ ಬಹುಪಾಲು ಜನ ಮೊದಲು ಕೇಳಿದ್ದು 2004ರ ಡಿಸೆಂಬರ್ 26ರಂದು, ತಮಿಳುನಾಡಿನ ಕರಾವಳಿಗೆ ಕಡಲು ನುಗ್ಗಿದಾಗ. ಆ ಮಾತು ಜಪಾನಿನದು. 'ಬಂದರಿನ ಅಲೆ' ಎಂದು ಅದರ ಅರ್ಥ. ಸಾನ್ರಿಕು ಎಂದು ಕರೆಯುವ ಈ ಕರಾವಳಿಗೆ ಅದು ಹಳೆಯ ನೆಂಟ. 1896ರ ಜೂನ್ 15ರ ಸಂಜೆ, ಹಬ್ಬದ ದಿನ, ಅಲೆ ಬಂದು ಸುಮಾರು 22,000 ಜನರನ್ನು ಬಲಿ ತೆಗೆದುಕೊಂಡಿತು. 1933ರ ಮಾರ್ಚ್ 3ರಂದು ಮತ್ತೆ ಬಂತು. 1960ರಲ್ಲಿ ಮಹಾಸಾಗರದ ಆಚೆ ದಡದ ಚಿಲಿ ದೇಶದಲ್ಲಿ ಭೂಮಿ ನಡುಗಿ, ಸುಮಾರು ಒಂದು ದಿನದ ಮೇಲೆ ಇಲ್ಲಿ ಅಲೆ ಎದ್ದಿತು.

ಪ್ರತಿ ಸಲವೂ ಜನ ಕಲ್ಲು ನೆಟ್ಟರು. ಈ ಕೆಳಗೆ ಮನೆ ಕಟ್ಟಬೇಡಿ, ನೆಲ ನಡುಗಿದರೆ ಮೇಲಕ್ಕೆ ಓಡಿ ಎಂಬ ಅರ್ಥದ ಶಾಸನಗಳನ್ನು ಕೆತ್ತಿಸಿದರು. ಇದೇ ಪ್ರಾಂತದ ಅನೆಯೊಶಿ ಎಂಬ ಪುಟ್ಟ ಹಳ್ಳಿಯವರು ಕಲ್ಲಿನ ಮಾತಿಗೆ ಬೆಲೆ ಕೊಟ್ಟು ಅದರ ಮೇಲುಗಡೆಯೇ ಮನೆ ಕಟ್ಟಿಕೊಂಡರು. 2011ರಲ್ಲಿ ಅಲೆ ಆ ಕಲ್ಲನ್ನು ಮುಟ್ಟಲಿಲ್ಲ. ಆದರೆ ಎಲ್ಲ ಕಡೆಯೂ ಹಾಗಾಗಲಿಲ್ಲ. ಬೆಸ್ತನ ಬದುಕು ನೀರಿನ ಅಂಚಿನಲ್ಲಿ. ದಿನಾ ಗುಡ್ಡ ಹತ್ತಿ ಇಳಿಯುವುದು ಕಷ್ಟ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಕಲ್ಲಿಗೆ ಪಾಚಿ ಹಿಡಿಯುತ್ತದೆ, ಮನೆಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ರಿಕುಜೆನ್‌ತಕಾತದಲ್ಲಿ ಐದೂವರೆ ಮೀಟರ್ ಎತ್ತರದ ತಡೆಗೋಡೆಯೂ ಇತ್ತು. ಗೋಡೆ ಇದೆಯಲ್ಲ ಎಂಬ ಧೈರ್ಯವೂ ಇತ್ತು.

2011ರ ಮಾರ್ಚ್ 11, ಮಧ್ಯಾಹ್ನ 2 ಗಂಟೆ 46 ನಿಮಿಷ. ಭೂಮಿ ನಡುಗಿತು. ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತಿನ ಮೇಲೆ ಕಡಲು ಬಂತು. ನಿಲ್ದಾಣದ ಕಟ್ಟಡದ ಮೇಲೆ ನೀರಿನ ಮಟ್ಟ 14.5 ಮೀಟರ್ ಏರಿತು. ಅಲ್ಲಿದ್ದ ಮೂವರು ಆ ಮೆಟ್ಟಿಲುಗಳನ್ನು ಹತ್ತಿ ತುತ್ತತುದಿಗೆ ಹೋಗಿ ನಿಂತು ಬದುಕಿಕೊಂಡರು. ಹತ್ತಿರದ ಕೆಸೆನ್ ಮಾಧ್ಯಮಿಕ ಶಾಲೆ ಪೂರ್ತಿ ಮುಳುಗಿತು; ಆದರೆ ಮಕ್ಕಳು ಆಗಲೇ ಗುಡ್ಡ ಸೇರಿದ್ದರಿಂದ ಎಲ್ಲರೂ ಉಳಿದರು. ಊರಿಗೆ ಅಷ್ಟು ಅದೃಷ್ಟ ಇರಲಿಲ್ಲ. ಸುಮಾರು 24,000 ಜನಸಂಖ್ಯೆಯ ಊರಿನಲ್ಲಿ 1,700ಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. 70,000 ಮರಗಳಲ್ಲಿ ನಿಂತದ್ದು ಒಂದೇ ಒಂದು. ಅದರ ಬೇರಿಗೂ ಉಪ್ಪುನೀರು ಹೊಕ್ಕು 2012ರಲ್ಲಿ ಅದು ಒಣಗಿತು. ಜನ ಅದನ್ನು ಬಿಡಲಿಲ್ಲ. ಕಾಂಡದೊಳಗೆ ಗಟ್ಟಿ ಸರಳು ಕೂರಿಸಿ, 2013ರಲ್ಲಿ ಅದೇ ಜಾಗದಲ್ಲಿ ಸ್ಮಾರಕವಾಗಿ ನಿಲ್ಲಿಸಿದರು.

ನೀರು ಇಳಿದ ಮೇಲೆ ಊರಿನ ಮುಂದೆ ಒಂದು ಕಠಿಣ ಪ್ರಶ್ನೆ ನಿಂತಿತು. ಮುರಿದ ಕಟ್ಟಡಗಳನ್ನು ಉಳಿಸಬೇಕೆ, ಕೆಡವಬೇಕೆ? ಉಳಿಸಿದರೆ ಮುಂದಿನವರಿಗೆ ಪಾಠ. ಆದರೆ ಅದನ್ನು ದಿನಾ ನೋಡುವ ತಾಯಿಯ ಗತಿ ಏನು? ಊರು ಒಂದು ತೀರ್ಮಾನಕ್ಕೆ ಬಂತು. ಜನ ಸತ್ತ ಕಟ್ಟಡಗಳನ್ನು ಇಟ್ಟುಕೊಳ್ಳುವುದು ಬೇಡ. ಯಾರೂ ಸಾಯದ ಕಟ್ಟಡಗಳನ್ನು ಮಾತ್ರ ಉಳಿಸೋಣ. ಆಶ್ರಯವೆಂದು ನಂಬಿ ಜನ ಓಡಿಹೋಗಿ ಜೀವ ಕಳೆದುಕೊಂಡ ಊರಿನ ವ್ಯಾಯಾಮ ಶಾಲೆಯನ್ನು ಕೆಡವಿದರು. ಮೂವರನ್ನು ಉಳಿಸಿದ ಹಳೆಯ ರಸ್ತೆ ನಿಲ್ದಾಣವನ್ನೂ, ಮಕ್ಕಳು ಪಾರಾದ ಶಾಲೆಯನ್ನೂ ಇಟ್ಟುಕೊಂಡರು. ನೆನಪಿಗೂ ಒಂದು ಕರುಣೆ ಬೇಕೆಂಬುದನ್ನು ಆ ಊರು ಹೀಗೆ ಅರಿತುಕೊಂಡಿತು.

2019ರ ಸೆಪ್ಟೆಂಬರ್ 22ರಂದು ಹೊಸ ನಿಲ್ದಾಣ ತೆರೆಯಿತು. ಕಟ್ಟಡದ ವಿನ್ಯಾಸ ವಾಸ್ತುಶಿಲ್ಪಿ ನೈತೊ ಹಿರೋಶಿ ಅವರದು. ಉದ್ದನೆಯ ಒಂದೇ ಮಾಡಿನ ಕೆಳಗೆ ಒಂದು ಕಡೆ ಅಂಗಡಿ ಮತ್ತು ಊಟದ ಮನೆ, ಇನ್ನೊಂದು ಕಡೆ ಇವಾತೆ ಪ್ರಾಂತದ ತ್ಸುನಾಮಿ ಸ್ಮಾರಕ ಸಂಗ್ರಹಾಲಯ. ಸಂಗ್ರಹಾಲಯಕ್ಕೆ ಟಿಕೆಟ್ ಇಲ್ಲ. ಒಳಗೆ ಹೋದರೆ ಹಿಸುಕಿದ ಡಬ್ಬಿಯಂತಾದ ಅಗ್ನಿಶಾಮಕ ವಾಹನ ಕಾಣುತ್ತದೆ. ಸೇತುವೆಯೊಂದರ ತಿರುಚಿಹೋದ ಉಕ್ಕಿನ ತೊಲೆ ಕಾಣುತ್ತದೆ. ಹೊರಗೆ ಬಂದರೆ ನೇರ ದಾರಿಯೊಂದು ಹೊಸ ತಡೆಗೋಡೆಯ ಮೇಲಕ್ಕೆ ಹೋಗುತ್ತದೆ. ಗೋಡೆಯ ಎತ್ತರ ಈಗ 12.5 ಮೀಟರ್. ಅದರ ನೆತ್ತಿಯಲ್ಲಿ ನಿಂತು ಜನ ಕಡಲಿಗೆ ಹೂವಿಟ್ಟು ಕೈಮುಗಿಯುತ್ತಾರೆ. ಗೋಡೆಯ ಆಚೆಗೆ 2017ರಿಂದ 2021ರವರೆಗೆ ನೆಟ್ಟ 40,000 ಪೈನ್ ಸಸಿಗಳು ಬೆಳೆಯುತ್ತಿವೆ. ಅವು ಅಜ್ಜ ನೆಟ್ಟ ತೋಪಿನಂತಾಗಲು ಇನ್ನೂ ಎಷ್ಟೋ ವರ್ಷ ಬೇಕು. ನೆಟ್ಟವರಿಗೂ ಅದು ಗೊತ್ತು.

ಅಷ್ಟು ನೋಡಿದ ಮೇಲೆ ಹಸಿವಾಗದೆ ಇರದು. ಊಟದ ಕಡೆಗೆ ಬನ್ನಿ. ಈ ಊರಿನ ಹಿರೊತ ಕೊಲ್ಲಿ ಸಿಂಪಿಗೆ ಹೆಸರಾದದ್ದು. ಕಾಸರಗೋಡಿನ ಕೇಳುಗರಿಗೆ ಮರುವಾಯಿಯ ಪರಿಚಯವಿದೆ. ಸಿಂಪಿಯೂ ಅದೇ ಚಿಪ್ಪಿನ ಕುಲದ್ದು. ತೆಪ್ಪಗಳಿಂದ ಹಗ್ಗ ಇಳಿಬಿಟ್ಟು ಅದರ ಮೇಲೆ ಬೆಳೆಸುತ್ತಾರೆ. ಕೊಯ್ಲಿಗೆ ಎರಡು ಮೂರು ವರ್ಷ ಕಾಯಬೇಕು. 2011ರಲ್ಲಿ ತೆಪ್ಪವೂ ಹೋಯಿತು, ಹಗ್ಗವೂ ಹೋಯಿತು. ಹೊಸದಾಗಿ ಕಟ್ಟಿ ಇಳಿಬಿಟ್ಟವರು ಆದಾಯವಿಲ್ಲದೆ ಕಾದರು. ವಕಾಮೆ ಎಂಬ ಕಡಲಕಳೆ, ಸ್ಕ್ಯಾಲಪ್ ಎಂಬ ಬೀಸಣಿಗೆಯಾಕಾರದ ಚಿಪ್ಪು, ಇಶಿಕಾಗೆ ಎಂಬ ಇನ್ನೊಂದು ಚಿಪ್ಪು, ಎಲ್ಲವೂ ಈ ಕೊಲ್ಲಿಯ ಬೆಳೆ. ಗುಡ್ಡದ ಇಳಿಜಾರಿನ ಯೊನೆಸಾಕಿಯಲ್ಲಿ ಸೇಬು ಬೆಳೆಯುತ್ತಾರೆ. ಅನ್ನ ಬೇಕೆ? ಗದ್ದೆಗಳಿಗೆ ಉಪ್ಪು ಹೊಕ್ಕ ಮೇಲೆ ದೊಡ್ಡ ಕಂಪನಿಯೊಂದು ತಾನು ಬೆಳೆಸಿದ್ದ ಭತ್ತದ ತಳಿಯನ್ನು ಊರಿಗೆ ದಾನವಾಗಿ ಕೊಟ್ಟಿತು. ಊರಿನವರು ಆ ಅಕ್ಕಿಗೆ 'ತಕಾತದ ಕನಸು' ಎಂಬ ಅರ್ಥದ ಹೆಸರಿಟ್ಟರು.

ಅನ್ನದ ಪಕ್ಕದಲ್ಲಿರುವ ಸೋಯಾ ಸಾಸಿಗೂ ಒಂದು ಕಥೆಯಿದೆ. 1807ರಿಂದ ಅದನ್ನು ತಯಾರಿಸುತ್ತ ಬಂದ ಯಾಗಿಸಾವ ಎಂಬ ಮನೆತನದ ಕಾರ್ಖಾನೆ ಇಲ್ಲಿತ್ತು. ಮೊಸರಿಗೆ ಹೆಪ್ಪು ಹೇಗೋ ಸೋಯಾ ಸಾಸಿಗೆ ಹಳೆಯ ಹುದುಗು ಹಾಗೆ. ಅದರಲ್ಲಿರುವ ಸೂಕ್ಷ್ಮಜೀವಿಗಳೇ ರುಚಿಯ ಮೂಲ. ಅಲೆ ಕಾರ್ಖಾನೆಯನ್ನೂ ಹುದುಗಿನ ಮರದ ಪೀಪಾಯಿಗಳನ್ನೂ ಕೊಂಡೊಯ್ದಿತು. ಇನ್ನೂರು ವರ್ಷದ ರುಚಿ ಮುಗಿಯಿತೆಂದೇ ಎಲ್ಲರೂ ಅಂದುಕೊಂಡರು. ಆದರೆ ಸಂಶೋಧನೆಗೆಂದು ಮೊದಲೇ ಕೊಟ್ಟಿದ್ದ ಕೆಲವೇ ಕಿಲೋ ಹುದುಗು ಕಾಮಾಯಿಶಿ ಊರಿನ ಪ್ರಯೋಗಾಲಯವೊಂದರಲ್ಲಿ ಉಳಿದಿತ್ತು. ಅಲ್ಲಿಗೂ ಅಲೆ ನುಗ್ಗಿತ್ತು. ಆ ಹುದುಗು ಮಾತ್ರ ಹೇಗೋ ಪಾರಾಗಿತ್ತು. ಅದನ್ನೇ ಬೆಳೆಸಿ 2014ರಲ್ಲಿ ಹಳೆಯ ರುಚಿಯ ಸಾಸನ್ನು ಮತ್ತೆ ಮಾರುಕಟ್ಟೆಗೆ ತಂದರು. ನೆರೆಮನೆಗೆ ಕೊಟ್ಟ ಹೆಪ್ಪು ನಮ್ಮ ಮನೆಯ ಹಾಲು ಒಡೆದ ದಿನ ನಮಗೇ ಮರಳಿ ಬರುತ್ತದೆ. ನಮ್ಮ ಮನೆಗಳ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೇಳುಗರೇ, ಸ್ಮಾರಕವನ್ನೂ ಸಂತೆಯನ್ನೂ ಒಂದೇ ಮಾಡಿನ ಕೆಳಗೆ ಇಟ್ಟದ್ದು ಸರಿಯೇ ಎಂದು ನಿಮಗೆ ಅನಿಸಬಹುದು. ಸಾವಿನ ಮನೆಯ ಪಕ್ಕದಲ್ಲಿ ಊಟವೇ? ಆದರೆ ಯೋಚಿಸಿ ನೋಡಿ. ಗುಡ್ಡದ ಮೂಲೆಯ ಕಲ್ಲನ್ನು ಓದಲೆಂದೇ ಯಾರು ಹೋಗುತ್ತಾರೆ? ರಸ್ತೆಯ ನಿಲ್ದಾಣಕ್ಕೆ ಲಾರಿಯವನು ಬರುತ್ತಾನೆ, ಸೇಬು ಕೊಳ್ಳಲು ಅಜ್ಜಿ ಬರುತ್ತಾಳೆ, ಶೌಚಾಲಯಕ್ಕೆಂದು ಮಗುವಿನ ಕೈಹಿಡಿದು ತಂದೆ ಬರುತ್ತಾನೆ. ಬಂದವರು ಆ ತಿರುಚಿದ ತೊಲೆಯನ್ನೂ ಒಮ್ಮೆ ನೋಡಿಯೇ ಹೋಗುತ್ತಾರೆ. ಮಗು ಕೇಳುತ್ತದೆ, ದೊಡ್ಡವರು ಹೇಳಬೇಕಾಗುತ್ತದೆ. ಇಷ್ಟಕ್ಕೂ ಈ ನಿಲ್ದಾಣಗಳು ಕಷ್ಟಕಾಲದಲ್ಲಿ ಒದಗಿದವುಗಳೇ. 2004ರ ನೀಗಾತ ಭೂಕಂಪದಲ್ಲಿ ಮನೆ ಬಿಟ್ಟವರಿಗೆ ಅವು ಆಸರೆಯಾದವು. 2011ರಲ್ಲಿ ಒಳನಾಡಿನ ತೋನೊ ಊರಿನ ನಿಲ್ದಾಣ ಕರಾವಳಿಗೆ ಹೊರಟ ಪರಿಹಾರ ತಂಡಗಳಿಗೆ ತಂಗುದಾಣವಾಯಿತು.

ಅನ್ನ ಕೊಡುವುದೂ ಆ ಕಡಲೇ, ಮನೆ ಕೊಂಡೊಯ್ದದ್ದೂ ಆ ಕಡಲೇ. ಅದನ್ನು ಬಿಟ್ಟು ಹೋಗಲು ಆ ಜನರಿಗೆ ಆಗದು. ಮರೆತು ಬದುಕಲೂ ಆಗದು. ಆದ್ದರಿಂದ ಊಟದ ಜಾಗಕ್ಕೂ ನೆನಪಿನ ಜಾಗಕ್ಕೂ ಒಂದೇ ಬಾಗಿಲು ಇಟ್ಟಿದ್ದಾರೆ. ಹೊಸ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಹಳೆಯ ನಿಲ್ದಾಣ ಇಂದೂ ನಿಂತಿದೆ. ನೀರು ಏರಿದ ಮಟ್ಟವನ್ನು ಅದರ ಮೇಲೆ ಗುರುತು ಹಾಕಿದ್ದಾರೆ. ಆ ಗುರುತಿಗಿಂತಲೂ ಮೇಲೆ, ಮೆಟ್ಟಿಲುಗಳ ಕೊನೆಯಲ್ಲಿ, ಮೂರೇ ಜನ ನಿಲ್ಲುವಷ್ಟು ಜಾಗ ಕಾಣುತ್ತದೆ. ಊಟ ಮುಗಿಸಿ ಹೊರಟವರು ತಲೆಯೆತ್ತಿ ಅದನ್ನೊಮ್ಮೆ ನೋಡಿ, ತಮ್ಮ ದಾರಿ ಹಿಡಿಯುತ್ತಾರೆ.